ಹೊಸ ಲ್ಯಾಪ್‌ಟಾಪ್ ಮುಟ್ಟಿದರೆ ಜುಮ್ಮೆನ್ನುವುದೇಕೆ?

ಪ್ರಶ್ನೆ: ಈಚೆಗೆ ಬಿಡುಗಡೆಯಾದ ದುಬಾರಿ ಲ್ಯಾಪ್‌ಟಾಪೊಂದನ್ನು ಮಗಳ ಓದಿಗೆಂದು ಕೊಂಡೆವು. ಪರದೆ, ವೇಗಗಳ ಬಗ್ಗೆ ತಕರಾರಿಲ್ಲ. ಆದರೆ ಚಾರ್ಜಿಗಿಟ್ಟಾಗ ಅಲ್ಯುಮಿನಿಯಂ ಮೈಮೇಲೆ ಮಣಿಕಟ್ಟು ಊರಿದರೆ ಸಣ್ಣಗೆ ಜುಮ್ಮೆನ್ನುತ್ತದೆ. ಮಳೆಗಾಲದಲ್ಲಿ ಹಾಗೆಯೇ ಎಂದು ಅಂಗಡಿಯವರು ಹೇಳುತ್ತಾರೆ. ಇದು ಅಪಾಯವೇ? ಸದಾ ಚಾರ್ಜಿನಲ್ಲಿಟ್ಟರೆ ಬ್ಯಾಟರಿ ಕೆಡುವುದೇ?
– ಓದುಗರೊಬ್ಬರು, ಪೆರ್ಲ, ಕಾಸರಗೋಡು

ಉತ್ತರ: ಅಂಗಡಿಯವರ ಮಾತು ಸುಳ್ಳಲ್ಲ, ಆದರೆ ಅರ್ಧ ಉತ್ತರ. ಎರಡು ಪಿನ್ನಿನ ಚಾರ್ಜರಿಗೆ ಅರ್ತಿಂಗ್ ಇರುವುದಿಲ್ಲ. ವಿದ್ಯುತ್ ಅಡಚಣೆಗಳನ್ನು ತಗ್ಗಿಸಲು ಅದರೊಳಗೆ ಇರಿಸಿದ ಕೆಪಾಸಿಟರಿನ ಮೂಲಕ 230 ವೋಲ್ಟಿನ ಕಡೆಯಿಂದ ಒಂದು ಮಿಲಿಆಂಪಿಯರಿಗೂ ಕಡಿಮೆ ಪ್ರವಾಹ ಲೋಹದ ಮೈಗೆ ಸೋರಿ, ನೀವು ತೇವದ ನೆಲದಲ್ಲಿ ಬರಿಗಾಲಲ್ಲಿದ್ದರೆ, ನಿಮ್ಮ ಮೂಲಕವೇ ಭೂಮಿಗಿಳಿಯುತ್ತದೆ. ಪ್ಲಾಸ್ಟಿಕ್ ಮೈಯ ಅಗ್ಗದ ಯಂತ್ರಗಳಲ್ಲಿ ಇದು ಅರಿವಿಗೆ ಬಾರದು. ಹೆಚ್ಚು ಹಣ ತೆತ್ತವರಿಗೇ ಈ ಕಿರಿಕಿರಿ!

ಅಸಲಿ ಚಾರ್ಜರು ಸುಸ್ಥಿತಿಯಲ್ಲಿದ್ದರೆ ಅಪಾಯವಿಲ್ಲ. ಕಂಪನಿಯದೇ ಮೂರು ಪಿನ್ನಿನ ಚಾರ್ಜರು ಸಿಕ್ಕಿದರೆ ಜುಮ್ಮೆನ್ನುವುದು ಸಾಮಾನ್ಯವಾಗಿ ನಿಲ್ಲುತ್ತದೆ. ಆದರೆ ಹಳೆಯ ಮನೆಗಳ ಸಾಕೆಟ್ಟಿನಲ್ಲಿ ಮೂರನೆಯ ತೂತು ಕೆಲವೊಮ್ಮೆ ಬರೀ ತೋರಿಕೆಗಿರುವುದರಿಂದ, ವಯರಿಂಗ್ ಬಲ್ಲವರಿಂದ ಅರ್ತಿಂಗ್ ಮೊದಲು ಪರೀಕ್ಷಿಸಿಕೊಳ್ಳಿ. ಶಾಕ್ ಹೊಡೆದಂತೆಯೇ ಆದರೆ, ಅಥವಾ ಚಾರ್ಜರಿನಿಂದ ಸುಟ್ಟ ವಾಸನೆ ಬಂದರೆ, ಮತ್ತೆ ಬಳಸಬೇಡಿ.

ಲಿಥಿಯಂ ಅಯಾನ್ ಬ್ಯಾಟರಿ ಸದಾ ಪೂರ್ತಿ ತುಂಬಿಯೂ ಬಿಸಿಯಾಗಿಯೂ ಇದ್ದರೆ ಬೇಗ ಸವೆಯುತ್ತದೆ. ಚಾರ್ಜನ್ನು ಶೇ. 80ಕ್ಕೆ ನಿಲ್ಲಿಸುವ ಆಯ್ಕೆ ಸೆಟ್ಟಿಂಗ್ಸಿನಲ್ಲಿದ್ದರೆ ಅದನ್ನು ಆಯ್ದುಕೊಳ್ಳಿ. ಗುಡುಗು ಕೇಳಿದೊಡನೆ ಪ್ಲಗ್ಗನ್ನೇ ಕಿತ್ತಿಡಿ. ಸ್ವಿಚ್ಚು ಆರಿಸಿದರಷ್ಟೇ ಸಾಲದು.