ಉಗಿಹಡಗಿಗಾಗಿ ನದಿಯನ್ನು ತಿದ್ದಿದ ಬಗೆ

ಪ್ರಶ್ನೆ: ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕದ ಮಿಸಿಸಿಪ್ಪಿ ನದಿಯಲ್ಲಿ ಉಗಿಹಡಗುಗಳ ಸಂಚಾರ ಬಹಳ ದೊಡ್ಡದಾಗಿತ್ತೆಂದು ಓದಿದ್ದೇನೆ. ಹಡಗು ಓಡಲು ಬೇಕಾದಷ್ಟು ಆಳವನ್ನು ಅವರು ಹೇಗೆ ಮಾಡಿಕೊಂಡರು? ಅದಕ್ಕೆ ತಕ್ಕ ಫಲ ಸಿಕ್ಕಿತೇ? ನಮ್ಮ ಕೃಷ್ಣಾ, ತುಂಗಭದ್ರೆಗಳಲ್ಲಿ ಅಂಥ ಪ್ರಯತ್ನ ಏಕೆ ನಡೆಯಲಿಲ್ಲ?
– ಓದುಗರೊಬ್ಬರು, ಹೊಸಪೇಟೆ

ಉತ್ತರ: ಆಳದ ಮಾತಿಗೆ ಮೊದಲು ಮರದ ಮಾತು ಬರಬೇಕು. ಮಿಸಿಸಿಪ್ಪಿ ಮತ್ತು ಒಹಾಯೊದಂಥ ಅದರ ಉಪನದಿಗಳ ಉಗಿಹಡಗುಗಳ ತಳ ಚಪ್ಪಟೆಯಾಗಿತ್ತು; ಬಾಯ್ಲರು, ಎಂಜಿನ್ನುಗಳನ್ನು ಹೊಟ್ಟೆಯೊಳಗಿಡದೆ ಡೆಕ್ಕಿನ ಮೇಲೆಯೇ ಕೂರಿಸುತ್ತಿದ್ದರು. ಹಾಗಾಗಿ ಅನೇಕ ಹಡಗುಗಳಿಗೆ ಮೂರು ನಾಲ್ಕು ಅಡಿ ನೀರಿದ್ದರೆ ಸಾಕಾಗುತ್ತಿತ್ತು. ಅವುಗಳನ್ನು ಮುಳುಗಿಸುತ್ತಿದ್ದದ್ದು ನೀರಿನಡಿ ಅಡಗಿದ್ದ ಸತ್ತ ಮರಗಳು. ತಿರುವುಗಳಲ್ಲಿ ನದಿ ದಡವನ್ನು ಕೊರೆದಾಗ ಮರಗಳು ಬೇರುಸಹಿತ ಪ್ರವಾಹಕ್ಕೆ ಬೀಳುತ್ತಿದ್ದವು. ಬೇರಿಗೆ ಅಂಟಿದ ಮಣ್ಣಿನ ಭಾರಕ್ಕೆ ಬುಡ ತಳದ ಕೆಸರಿನಲ್ಲಿ ಹೂತುಕೊಂಡರೆ, ತುದಿ ಪ್ರವಾಹದ ದಿಕ್ಕಿಗೆ ಓರೆಯಾಗಿ ಮೇಲೆದ್ದು ನಿಲ್ಲುತ್ತಿತ್ತು. ನದಿಯ ಎದುರು ಹತ್ತುವ ಹಡಗಿನ ತೆಳುವಾದ ಮರದ ಹಲಗೆಯನ್ನು ಅದು ನೇರವಾಗಿ ಇರಿಯುತ್ತಿತ್ತು. ಅಲುಗದೆ ನಿಂತ ಮರಕ್ಕಿಂತ, ಪ್ರವಾಹದ ಒತ್ತಡಕ್ಕೆ ಮುಳುಗುತ್ತ ಏಳುತ್ತ ತೂಗಾಡುವ ಮರಕ್ಕೆ ನಾವಿಕರು ಹೆಚ್ಚು ಹೆದರುತ್ತಿದ್ದರು, ಏಕೆಂದರೆ ಅದು ಕಣ್ಣಿಗೆ ಬೀಳುವಷ್ಟರಲ್ಲಿ ಹಡಗು ಅದರ ಮೇಲಿರುತ್ತಿತ್ತು. 1811ರಲ್ಲಿ ಪಿಟ್ಸ್‌ಬರ್ಗಿನಿಂದ ಹೊರಟು ಮರುವರ್ಷದ ಆರಂಭದಲ್ಲಿ ನ್ಯೂ ಆರ್ಲಿಯನ್ಸ್ ತಲುಪಿದ, ಆ ನದಿಗಳ ಮೊದಲ ಉಗಿಹಡಗು ‘ನ್ಯೂ ಆರ್ಲಿಯನ್ಸ್’ ಕೂಡ 1814ರಲ್ಲಿ ಬ್ಯಾಟನ್ ರೂಜ್ ಬಳಿ ಇಂಥದೇ ಬೊಡ್ಡೆಗೆ ಸಿಕ್ಕಿ ಮುಳುಗಿತು.

ಮರ ಕೀಳುವ ಖರ್ಚು ಯಾರದು ಎಂಬುದು ಆಗ ಸಂವಿಧಾನದ ಪ್ರಶ್ನೆಯಾಗಿತ್ತು. ಹಲವು ರಾಜ್ಯಗಳ ನಡುವೆ ಹರಿಯುವ ನದಿಗೆ ಒಕ್ಕೂಟ ಸರ್ಕಾರ ಹಣ ಸುರಿಯುವುದು ಸರಿಯೇ ಎಂಬ ವಾದ ದಶಕಗಳ ಕಾಲ ನಡೆಯಿತು. 1824ರಲ್ಲಿ ಸುಪ್ರೀಂ ಕೋರ್ಟು, ರಾಜ್ಯ ರಾಜ್ಯಗಳ ನಡುವಣ ವಾಣಿಜ್ಯವೆಂದರೆ ಅದರಲ್ಲಿ ಜಲಸಂಚಾರವೂ ಸೇರುತ್ತದೆ ಎಂದು ತೀರ್ಪಿತ್ತಿತು. ಅದೇ ವರ್ಷ ಅಮೆರಿಕದ ಸಂಸತ್ತಾದ ಕಾಂಗ್ರೆಸ್ ಸಭೆಯು ಒಹಾಯೊ ಮತ್ತು ಮಿಸಿಸಿಪ್ಪಿ ನದಿಗಳ ಮರ, ಮರಳುದಿಣ್ಣೆಗಳನ್ನು ನಿವಾರಿಸಲು 75,000 ಡಾಲರು ಮಂಜೂರು ಮಾಡಿತು. ಆದರೂ ವಾದ ಮುಗಿಯಲಿಲ್ಲ: 1846ರಲ್ಲಿ ಅಧ್ಯಕ್ಷ ಪೋಕ್ ಇಂಥದೇ ಮಸೂದೆಯೊಂದನ್ನು ತಡೆಹಿಡಿದರು.

ಕೆಲಸಕ್ಕೆ ನಿಜವಾದ ರೂಪ ಬಂದದ್ದು 1826ರಲ್ಲಿ ಹೆನ್ರಿ ಶ್ರೀವ್ ಮೇಲ್ವಿಚಾರಕರಾಗಿ ನೇಮಕವಾದ ಮೇಲೆ. ಅವರು ಸ್ವತಃ ಹಡಗಿನ ಕಪ್ತಾನರಾಗಿ ನದಿಯನ್ನು ಬಲ್ಲವರು. 1829ರಲ್ಲಿ ಅವರು ನೀರಿಗಿಳಿಸಿದ ‘ಹೀಲಿಯೋಪೊಲಿಸ್’ ಎಂಬ ಸ್ನ್ಯಾಗ್‌ಬೋಟು, ಅಂದರೆ ಬೊಡ್ಡೆ ಕೀಳುವ ಹಡಗು, ಪಕ್ಕಪಕ್ಕದ ಎರಡು ಒಡಲುಗಳನ್ನು ಜೋಡಿಸಿ ಮಾಡಿದ್ದು. ಎರಡರ ನಡುವೆ ಕಬ್ಬಿಣದ ಹೊದಿಕೆಯ ದಪ್ಪ ತೊಲೆಯಿತ್ತು. ಹಡಗನ್ನು ಪೂರ್ಣ ವೇಗದಲ್ಲಿ ಮರದ ಮೇಲೆ ನುಗ್ಗಿಸಿದರೆ ಮರ ಆ ಹೊಡೆತಕ್ಕೆ ಮುರಿಯಬೇಕು, ಇಲ್ಲವೇ ಬುಡ ಸಡಿಲಾಗಬೇಕು. ಬಳಿಕ ಉಗಿಯಂತ್ರದಿಂದ ತಿರುಗುವ ರಾಟೆಗೆ ಸರಪಳಿ ಸುತ್ತಿ ಅದನ್ನು ಮೇಲೆಳೆದು, ಹಡಗಿನಲ್ಲೇ ಗರಗಸ ಹಾಕಿ ತುಂಡರಿಸಿ, ಭಾರವಾದ ಬೇರಿನ ಗಂಟನ್ನು ಆಳವಾದ ಮಡುವಿಗೆ ಬಿಡುತ್ತಿದ್ದರು. ಇಂಥ ಹಡಗುಗಳನ್ನು ಜನ ಸರ್ಕಾರದ ಹಲ್ಲುಕೀಳುವವರು ಎಂದು ತಮಾಷೆ ಮಾಡುತ್ತಿದ್ದರು. ಆ ಶತಮಾನದ ನದೀ ಸುಧಾರಣೆಯಲ್ಲಿ ಕೊಟ್ಟ ಹಣಕ್ಕೆ ಅತಿ ಹೆಚ್ಚು ಪ್ರಯೋಜನ ಸಿಕ್ಕಿದ್ದು ಈ ಸೊಗಸಿಲ್ಲದ ಕೆಲಸದಿಂದಲೇ ಎಂಬುದು ನನ್ನ ಅಭಿಪ್ರಾಯ. ಮುಂದೆ ಬಂದ ದೊಡ್ಡ ಕಟ್ಟಡಗಳ ಬಗ್ಗೆ ಅಷ್ಟೇ ಧೈರ್ಯದಿಂದ ಹಾಗೆ ಹೇಳಲಾರೆ.

ಶ್ರೀವರ ಅತಿ ದೊಡ್ಡ ಸಾಹಸ ನಡೆದದ್ದು ಮಿಸಿಸಿಪ್ಪಿಯ ಉಪನದಿಯಾದ ರೆಡ್ ನದಿಯಲ್ಲಿ. ಶತಮಾನಗಳಿಂದ ಬಂದು ಸಿಕ್ಕಿಕೊಂಡ ಮರಗಳು ಅಲ್ಲಿ ನೂರು ಮೈಲಿಗೂ ಹೆಚ್ಚು ಉದ್ದಕ್ಕೆ, ನಡುನಡುವೆ ತೆರಪು ಬಿಟ್ಟು, ನದಿಯನ್ನು ಅಡ್ಡಗಟ್ಟಿದ್ದವು. ಮಣ್ಣು ತುಂಬಿದ ಕಡೆಗಳಲ್ಲಿ ಅವುಗಳ ಮೇಲೆ ಹೊಸ ಗಿಡಮರಗಳೇ ಬೆಳೆದಿದ್ದವು. 1833ರಲ್ಲಿ ಆರಂಭಿಸಿ 1838ರ ಹೊತ್ತಿಗೆ ಅವರು ದಾರಿ ಬಿಡಿಸಿದರು, ದಡದ ಊರಿಗೆ ಅವರದೇ ಹೆಸರಾಗಿ ಶ್ರೀವ್‌ಪೋರ್ಟ್ ಹುಟ್ಟಿಕೊಂಡಿತು. ಆದರೆ ವರ್ಷ ವರ್ಷವೂ ಶುಚಿ ಮಾಡಲು ಹಣ ಬಾರದ ಕಾರಣ ಮರದ ರಾಶಿ ಮತ್ತೆ ಕಟ್ಟಿಕೊಂಡಿತು. ಸೇನೆಯ ಎಂಜಿನಿಯರುಗಳು ನೈಟ್ರೋಗ್ಲಿಸರಿನ್ ಸಿಡಿಸಿ ಅದನ್ನು ಕಡೆಗೂ ತೆರವು ಮಾಡಿದ್ದು 1873ರಲ್ಲಿ. ಕೆಲಸದ ಮುಂದಾಳಾಗಿದ್ದ ಲೆಫ್ಟಿನೆಂಟ್ ಯೂಜಿನ್ ವುಡ್ರಫ್ ಅದೇ ವರ್ಷ ಶ್ರೀವ್‌ಪೋರ್ಟಿನ ಹಳದಿಜ್ವರಕ್ಕೆ ಬಲಿಯಾದರು.

ಈ ಕೆಲಸದ ಫಲ ಎಲ್ಲರಿಗೂ ಒಂದೇ ಆಗಿರಲಿಲ್ಲ. ಮರದ ಒಡ್ಡಿನಿಂದಾಗಿ ಹಿನ್ನೀರು ನಿಂತಿದ್ದ ಕ್ಯಾಡೊ ಸರೋವರದ ಕಡೆಯಿಂದ ಟೆಕ್ಸಸ್ಸಿನ ಜೆಫರ್ಸನ್ ಊರಿಗೆ ಹಡಗುಗಳು ಹೋಗುತ್ತಿದ್ದವು. ಒಡ್ಡು ಹೋದ ಮೇಲೆ ನೀರು ಇಳಿದು ಆ ಬಂದರು ಸೊರಗಿತು. ಅದಕ್ಕಿಂತ ದೊಡ್ಡ ಪರಿಣಾಮ 1831ರದು. ರೆಡ್ ನದಿ ಸೇರುವ ಕಡೆ ಮಿಸಿಸಿಪ್ಪಿಯ ಸುತ್ತುಬಳಸಿನ ತಿರುವೊಂದಕ್ಕೆ ಶ್ರೀವ್ ಅಡ್ಡದಾರಿ ಕಡಿದು ಹಡಗುಗಳ ಪ್ರಯಾಣವನ್ನು ಮೊಟಕುಗೊಳಿಸಿದರು. ಮುಂದೆ ಅಲ್ಲೇ ಕವಲೊಡೆಯುವ ಅಚಾಫಲಾಯ ನದಿಯ ಮರಗಳನ್ನೂ ತೆಗೆದಾಗ, ಸಮುದ್ರಕ್ಕೆ ಹತ್ತಿರದ ದಾರಿಯಾದ ಅದು ಮಿಸಿಸಿಪ್ಪಿಯ ನೀರನ್ನು ಹೆಚ್ಚು ಹೆಚ್ಚಾಗಿ ಸೆಳೆದುಕೊಳ್ಳುತ್ತ ಅಗಲವಾಯಿತು. ಮುಖ್ಯ ನದಿಯೇ ಅತ್ತ ಹೊರಳಿ ನ್ಯೂ ಆರ್ಲಿಯನ್ಸನ್ನು ಬಿಟ್ಟುಹೋಗದಂತೆ ಅಲ್ಲಿ 1963ರಲ್ಲಿ ಬೃಹತ್ ಬಾಗಿಲುಗಳ ನಿಯಂತ್ರಣ ಕಟ್ಟಡವನ್ನು ಸಿದ್ಧಪಡಿಸಬೇಕಾಯಿತು. ಹಡಗಿನ ಕೆಲವು ಗಂಟೆಗಳನ್ನು ಉಳಿಸಲು ಕಡಿದ ಕಾಲುವೆಗೆ ಇದೂ ಒಂದು ಬಾಕಿ ಲೆಕ್ಕ.

ಇನ್ನು ನೀವು ಕೇಳಿದ ಆಳದ ವಿಚಾರ. ಲೂಯಿವಿಲ್ ಊರಿನ ಬಳಿ ಒಹಾಯೊ ನದಿ ಎರಡು ಮೈಲಿಯೊಳಗೆ ಸುಮಾರು 26 ಅಡಿ ಇಳಿಯುತ್ತದೆ. ಅಲ್ಲಿ ಬಂಡೆಗಳನ್ನು ಬದಿಗಿಟ್ಟು 1830ರಲ್ಲಿ ಲಾಕುಗಳುಳ್ಳ, ಅಂದರೆ ಎರಡು ಬಾಗಿಲುಗಳ ನಡುವೆ ನೀರು ತುಂಬಿಸಿ ಇಳಿಸಿ ಹಡಗನ್ನು ಮೇಲೆತ್ತುವ, ಕೆಳಗಿಳಿಸುವ ತೊಟ್ಟಿಗಳುಳ್ಳ ಕಾಲುವೆ ತೆರೆದರು. ಹಡಗುಗಳು ದೊಡ್ಡವಾದಂತೆ ಲಾಕುಗಳು ಇಕ್ಕಟ್ಟಾಗಿ, 1872ರಲ್ಲಿ ಅದನ್ನು ಹಿಗ್ಗಿಸಬೇಕಾಯಿತು. ಮರಳುದಿಣ್ಣೆಗೆ ಬೇರೆ ಉಪಾಯ. ದಡದಿಂದ ನದಿಯೊಳಕ್ಕೆ ಗಿಡ್ಡ ಅಡ್ಡಗೋಡೆ ಚಾಚಿದರೆ ಹರಿವು ಕಿರಿದಾಗಿ ವೇಗ ಹೆಚ್ಚುತ್ತದೆ, ಹೆಚ್ಚಿದ ವೇಗ ತಳದ ಮರಳನ್ನು ತಾನೇ ಹೊತ್ತೊಯ್ಯುತ್ತದೆ. ಗೋಡೆಗಳ ಮರೆಯಲ್ಲಿ ಹೂಳು ಕೂತು ದಡ ಬೆಳೆಯುತ್ತದೆ. ಸ್ಟೀಫನ್ ಲಾಂಗ್ ಎಂಬ ಸೇನಾ ಎಂಜಿನಿಯರು ಒಹಾಯೊದ ಹೆಂಡರ್ಸನ್ ಬಳಿ 1824ರ ಹೊತ್ತಿಗೇ ಇದನ್ನು ಪ್ರಯೋಗಿಸಿದ್ದರು. 1878ರಲ್ಲಿ ಮೇಲಿನ ಮಿಸಿಸಿಪ್ಪಿಗೆ ನಾಲ್ಕೂವರೆ ಅಡಿ ಆಳದ ಹಾದಿ ಮಂಜೂರಾದ ಮೇಲೆ ವಿಲೋ ಕೊಂಬೆಗಳ ಚಾಪೆ ಹೆಣೆದು, ಮೇಲೆ ಕಲ್ಲು ಹೇರಿ ಮುಳುಗಿಸಿ, ಇಂಥ ಗೋಡೆಗಳನ್ನು ಸಾಲುಸಾಲಾಗಿ ಕಟ್ಟಿದರು. ವಿಪರ್ಯಾಸವೆಂದರೆ ಆ ನದಿಯ ಮೇಲೆ 1856ರಲ್ಲೇ ರೈಲ್ವೆ ಸೇತುವೆ ಬಂದಿತ್ತು. ತೆರೆದ ಎರಡೇ ವಾರಗಳೊಳಗೆ ಹಡಗೊಂದು ಅದಕ್ಕೆ ಬಡಿದು ಸುಟ್ಟುಹೋದಾಗ ಹೂಡಿದ ದಾವೆಯಲ್ಲಿ ಸೇತುವೆಯ ಪರ ವಾದಿಸಿದ ವಕೀಲರಲ್ಲಿ ಅಬ್ರಹಾಂ ಲಿಂಕನ್ ಒಬ್ಬರು. ನದಿ ಹಡಗಿಗೆ ತಕ್ಕಂತೆ ಸಿದ್ಧವಾಗುವ ವೇಳೆಗೆ ಸರಕು ರೈಲನ್ನು ಏರಿಬಿಟ್ಟಿತ್ತು.

ಕಡಲ ಬಾಯಲ್ಲಿ ಮಾತ್ರ ಕಥೆ ಬೇರೆ, ಏಕೆಂದರೆ ಅಲ್ಲಿ ಬೇಕಿದ್ದುದು ಸಾಗರದ ಹಡಗುಗಳಿಗೆ ಸಾಲುವ ಆಳ. ಸೇನೆಯ ಮುಖ್ಯ ಎಂಜಿನಿಯರ್ ಆಂಡ್ರ್ಯೂ ಹಂಫ್ರೀಸರ ತೀವ್ರ ವಿರೋಧವಿದ್ದರೂ ಜೇಮ್ಸ್ ಈಡ್ಸ್ ಎಂಬ ಎಂಜಿನಿಯರು 1875ರಿಂದ 1879ರವರೆಗೆ ಮಿಸಿಸಿಪ್ಪಿಯ ದಕ್ಷಿಣ ಕವಲಿನ ಮುಖದಲ್ಲಿ ಎರಡು ಉದ್ದನೆಯ ಜೆಟ್ಟಿಗಳನ್ನು, ಅಂದರೆ ಹರಿವನ್ನು ಇಕ್ಕೆಲದಿಂದ ಕಿರಿದಾಗಿಸುವ ಗೋಡೆಗಳನ್ನು, ಕಟ್ಟಿದರು. ಒಪ್ಪಂದವೂ ವಿಚಿತ್ರ: ನಿಗದಿಯಾದ ಆಳ ಬಂದರಷ್ಟೇ ಕಂತಿನ ಹಣ. ನದಿ ತನ್ನ ಮರಳುದಿಣ್ಣೆಯನ್ನು ತಾನೇ ಕೊರೆದುಕೊಂಡು, ಮೊದಲು ಹತ್ತಡಿಯೂ ಇಲ್ಲದಿದ್ದ ಕಡೆ 30 ಅಡಿ ಆಳವಾಯಿತು.

ಇನ್ನು ನಮ್ಮ ನದಿಗಳು. ಒಹಾಯೊ, ಮಿಸಿಸಿಪ್ಪಿಗಳಲ್ಲಿ ಬೇಸಿಗೆಯಲ್ಲಿ ನೀರು ತಗ್ಗಿದರೂ ಮಳೆ, ಹಿಮದ ನೀರು ವರ್ಷದ ಬೇರೆ ಬೇರೆ ಕಾಲಗಳಲ್ಲಿ ಸೇರುತ್ತಿರುತ್ತದೆ. ನಮ್ಮ ದಖನ್ ನದಿಗಳ ನೀರೆಲ್ಲ ಹೆಚ್ಚುಕಡಿಮೆ ಒಂದೇ ಮಳೆಗಾಲದ್ದು, ತಳ ಬಂಡೆಯದು. ಬೊಡ್ಡೆ ಕೀಳುವ ಹಡಗಿನಿಂದ, ಮರಳು ತೊಳೆಯುವ ಗೋಡೆಯಿಂದ ಇಲ್ಲಿ ಏನೂ ಆಗದು. ಆಣೆಕಟ್ಟು ಮತ್ತು ಲಾಕುಗಳೇ ಬೇಕು. ಧವಳೇಶ್ವರದ ಆಣೆಕಟ್ಟು ಕಟ್ಟಿಸಿದ ಆರ್ಥರ್ ಕಾಟನ್, ಭಾರತಕ್ಕೆ ರೈಲಿಗಿಂತ ಜಲಮಾರ್ಗವೇ ಅಗ್ಗವೆಂದು ಹಟ ಹಿಡಿದು ವಾದಿಸಿದವರು. ಗೋದಾವರಿಯ ಮೇಲ್ಭಾಗದಲ್ಲಿ ಮೂರು ಕಡೆ ಬರುವ ಬಂಡೆಯ ತಡೆಗಳನ್ನು ದಾಟಿಸಿ ನಾಗಪುರ, ಬೇರಾರ್ ಸೀಮೆಯ ಹತ್ತಿಯನ್ನು ಪೂರ್ವ ಕರಾವಳಿಗೆ ತರುವುದು ಅವರ ಯೋಜನೆ. ಭದ್ರಾಚಲಕ್ಕೆ ಹತ್ತಿರದ ದುಮ್ಮಗುಡೆಂನಲ್ಲಿ ಆಣೆಕಟ್ಟೂ ಲಾಕೂ ಎದ್ದವು. ಅಷ್ಟರಲ್ಲಿ, 1867ರಲ್ಲಿ, ಬೊಂಬಾಯಿಯ ರೈಲು ನಾಗಪುರ ಮುಟ್ಟಿ ಹತ್ತಿ ಪಶ್ಚಿಮಕ್ಕೆ ಹೊರಟುಹೋಯಿತು. 1871ರಲ್ಲಿ ಸರ್ಕಾರ ಕೆಲಸ ಕೈಬಿಟ್ಟಿತು.

ತುಂಗಭದ್ರೆಯಲ್ಲಿ ಪ್ರಯತ್ನವೇ ನಡೆಯಲಿಲ್ಲ ಎನ್ನುವುದು ಪೂರ್ತಿ ಸರಿಯಲ್ಲ. ನಿಮ್ಮೂರಿನ ಪಕ್ಕದಿಂದ ಹರಿದುಹೋದ ಅದೇ ನೀರನ್ನು ಕರ್ನೂಲಿನ ಮೇಲ್ಗಡೆ ಸುಂಕೇಸುಲದ ಆಣೆಕಟ್ಟಿನಲ್ಲಿ ತಡೆದು, ಕಡಪದವರೆಗೆ ಮದ್ರಾಸ್ ಇರಿಗೇಶನ್ ಕಂಪನಿ ತೋಡಿಸಿದ ಕಾಲುವೆಯನ್ನು ನೀರಾವರಿಯ ಜೊತೆಗೆ ದೋಣಿ ಸಂಚಾರಕ್ಕೂ ಒದಗುವಂತೆ ಲಾಕುಗಳನ್ನಿಟ್ಟು ಯೋಜಿಸಿದ್ದರು. ನದಿಯನ್ನೇ ತಿದ್ದುವ ಬದಲು ಪಕ್ಕದಲ್ಲಿ ಬೇರೊಂದು ಜಲಮಾರ್ಗ ಮಾಡುವ ದಾರಿ ಅದು. ಕಂಪನಿಗೆ ಅದು ಲಾಭ ತರಲಿಲ್ಲ. 1882ರಲ್ಲಿ ಸರ್ಕಾರವೇ ಅದನ್ನು ಕೊಂಡುಕೊಂಡಿತು, ಕಾಲುವೆ ಹೊಲಗಳಿಗೆ ನೀರುಣಿಸಲು ಉಳಿಯಿತು.