ನೀರೊಳಗಿನ ಗುಹೆಗೆ ಇಳಿಯುವುದರಲ್ಲಿ ಅಂಥ ಖುಷಿ ಏನಿದೆ?

ಸಮುದ್ರದಲ್ಲಿ ಮುಳುಗಿ ಮೀನು ನೋಡುವುದು ಸರಿ, ಕತ್ತಲೆ ಗುಹೆಯೊಳಗೆ ಸಿಲಿಂಡರ್ ಹೊತ್ತು ಹೋಗುವುದು ಹುಚ್ಚಲ್ವಾ ಎಂದು ಕೇಳಿದ್ದೀರಿ. ನಮ್ಮ ಅವ್ವನದೂ ಇದೇ ಪ್ರಶ್ನೆ. "ಮ್ಯಾಲ ಜಾಗ ಸಾಲಲಿಲ್ಲೇನು ನಿನಗ?" ಅಂತ ಈಗಲೂ ಬೈಯುತ್ತಾಳೆ.

ನಾನು ಬೀದರಿನವನು. ಈ ಹುಚ್ಚು ನನಗೆ ಹಿಡಿದದ್ದು ಝರಣಿ ನರಸಿಂಹನ ಗುಡಿಯಲ್ಲಿ. ನಮ್ಮ ಕಡೆಯವರಿಗೆ ಗೊತ್ತೇ ಇರುತ್ತದೆ: ಗುಡ್ಡದೊಳಗೆ ಸುಮಾರು 300 ಮೀಟರ್ ಸುರಂಗ, ಉದ್ದಕ್ಕೂ ನೀರು, ದೊಡ್ಡವರಿಗೇ ಎದೆಮಟ್ಟ ಬರುತ್ತದೆ. ದೇವರು ತೀರಾ ಕೊನೆಗೆ, ಗೋಡೆಯಲ್ಲಿ. ಆರು ವರ್ಷದವನಿದ್ದಾಗ ಕಾಕಾನ ಹೆಗಲ ಮೇಲೆ ಕೂತು ಹೋಗಿದ್ದೆ. ಛಾವಣಿಗೆ ಬಾವಲಿಗಳು, ಅವುಗಳ ವಾಸನೆ; ಹೆಗಲ ಮೇಲಿದ್ದವನಿಗೆ ಇನ್ನೂ ಹತ್ತಿರ! "ಅಂಜಬ್ಯಾಡ, ತಲಿ ಗಟ್ಟಿ ಹಿಡ್ಕೋ" ಎಂದ ಕಾಕಾ. ನನಗೆ ಅಂಜಿಕೆಗಿಂತ ಒಂದು ಪ್ರಶ್ನೆಯೇ ಜಾಸ್ತಿ ಕೊರೆಯುತ್ತಿತ್ತು. ಈ ನೀರು ಎಲ್ಲಿಂದ ಬರುತ್ತದೆ? ಕೇಳಿದರೆ, "ದೇವರ ನೀರದು, ಸುಮ್ನೆ ಕೈ ಮುಗಿ" ಎಂದ.

ಆಮೇಲೆ ನೌಬಾದ್‌ನ ಕರೇಜ್ ನೋಡಿದೆ. ಬಹಮನಿ ಸುಲ್ತಾನರ ಕಾಲದಲ್ಲಿ ಕೆಂಪು ಕಲ್ಲು ಕೊರೆದು, ನೆಲದಡಿಯ ನೀರು ತಾನಾಗಿ ಹರಿದು ಬರುವಂತೆ ಮಾಡಿದ ಸುರಂಗ. ಮೇಲೆ ಅಲ್ಲಲ್ಲಿ ಬಾವಿಯಂಥ ಬಾಯಿಗಳು. ಬಗ್ಗಿ ನೋಡಿದರೆ ಕೆಳಗೆ ಕತ್ತಲು. ನೀರಿಗೂ ಒಂದು ಮನೆ ಇದೆ, ಅದು ನಮ್ಮ ಕಾಲ ಕೆಳಗೇ ಇದೆ ಎಂದು ಆಗ ಅನ್ನಿಸಿತ್ತು.

ಈಜು ಕಲಿತದ್ದು ಹೊಲದ ಬಾವಿಯಲ್ಲಿ. ಡೈವಿಂಗ್ ಕಲಿತದ್ದು ಮುರುಡೇಶ್ವರದ ಹತ್ತಿರ ನೇತ್ರಾಣಿ ದ್ವೀಪದಲ್ಲಿ. ಮುಂದೆ ಕೆಲಸದ ಮೇಲೆ ಮೆಕ್ಸಿಕೋಗೆ ಹೋದಾಗ ಒಂದು ವಾರ ರಜೆ ಹಾಕಿ ಯುಕಟಾನ್‌ಗೆ ಹೋದೆ. ಅಲ್ಲಿ ನೆಲವೆಲ್ಲ ಸುಣ್ಣದ ಕಲ್ಲು. ಮೇಲೆ ನದಿಗಳೇ ಇಲ್ಲ ಅನ್ನಬಹುದು, ಎಲ್ಲವೂ ಒಳಗೇ ಹರಿಯುತ್ತವೆ. ಛಾವಣಿ ಕುಸಿದ ಕಡೆ ನೀರು ಕಾಣುತ್ತದೆ. ಅಂಥ ಹೊಂಡಕ್ಕೆ ಸೆನೋಟೆ ಅನ್ನುತ್ತಾರೆ. ನಾನು ಇಳಿದದ್ದು ತುಲುಮ್ ಹತ್ತಿರದ ದೋಸ್ ಓಹೋಸ್‌ನಲ್ಲಿ. ಎರಡು ಕಣ್ಣು ಎಂದು ಅರ್ಥ.

ಆಳ ಹತ್ತು ಮೀಟರ್ ಇದ್ದರೆ ಹೆಚ್ಚು. ನೀರು ಎಷ್ಟು ತಿಳಿ ಎಂದರೆ, ಮುಂದಿದ್ದ ಗೈಡ್ ಗಾಳಿಯಲ್ಲಿ ತೇಲುತ್ತಿದ್ದಾನೇನೋ ಅನ್ನಿಸಿತು. ಛಾವಣಿಯಿಂದ ಕಲ್ಲಿನ ಕೊಂಬುಗಳು ಇಳಿಬಿದ್ದಿದ್ದವು. ಒಂದರ ಮುಂದೆ ಬಂದಾಗ ತಟ್ಟನೆ ಹೊಳೆಯಿತು: ಇಂಥ ಕೊಂಬು ನೀರೊಳಗೆ ಬೆಳೆಯುವುದಿಲ್ಲ. ಹನಿ ಗಾಳಿಯಲ್ಲಿ ತೊಟ್ಟಿಕ್ಕಬೇಕು. ಅಂದರೆ ಹಿಮಯುಗದಲ್ಲಿ ಸಮುದ್ರ, ಅದರ ಜೊತೆ ನೆಲದೊಳಗಿನ ನೀರೂ ಕೆಳಗಿಳಿದಿದ್ದಾಗ ಈ ಗುಹೆ ಒಣಗಿತ್ತು! ಸಾವಿರಾರು ವರ್ಷ ಹನಿ ಹನಿಯಾಗಿ ಕಟ್ಟಿದ್ದು ಆಮೇಲೆ ಮುಳುಗಿದೆ. ನನ್ನ ಉಸಿರಿನ ಗುಳ್ಳೆ ಬಿಟ್ಟರೆ ಬೇರೆ ಸದ್ದಿಲ್ಲ. ತಿರುಗಿ ನೋಡಿದರೆ ಬಂದ ದಾರಿಯಲ್ಲಿ ನೀಲಿ ಬೆಳಕು. ನೀವು ಕೇಳಿದ ಖುಷಿ ಇದೇ.

ಹಾಗಂತ ನಾನು ಪೂರ್ತಿ ಗುಹೆ ಡೈವರ್ ಅಲ್ಲ. ಹೊರಗಿನ ಬೆಳಕು ಕಾಣುವಷ್ಟು ದೂರ ಹೋಗುವುದು ಕ್ಯಾವರ್ನ್ ಡೈವಿಂಗ್. ಅದರಾಚೆಯದು ಕೇವ್ ಡೈವಿಂಗ್, ಅದಕ್ಕೆ ಬೇರೆಯೇ ತರಬೇತಿ ಬೇಕು. ತಲೆ ಮೇಲೆ ಕಲ್ಲು ಇರುವುದರಿಂದ ಗಾಬರಿಯಾದರೆ ಮೇಲಕ್ಕೆ ಹಾರುವ ಹಾಗಿಲ್ಲ. ಅದಕ್ಕೇ ಲೆಕ್ಕ ಕಟ್ಟುನಿಟ್ಟು. ಸಿಲಿಂಡರಿನ ಗಾಳಿಯಲ್ಲಿ ಮೂರು ಸಮ ಪಾಲು: ಒಂದು ಪಾಲು ಹೋಗಲು, ಒಂದು ಪಾಲು ಬರಲು, ಒಂದು ಪಾಲು ಆಪತ್ತಿಗೆ. ಸಿಲಿಂಡರಿನಲ್ಲಿ ಗಾಳಿಯ ಒತ್ತಡ 200 ಬಾರ್ ಇದ್ದರೆ ಸುಮಾರು 133ಕ್ಕೇ ವಾಪಸ್, ಮುಂದೆ ಎಷ್ಟೇ ಚೆಂದ ಇರಲಿ. ಹೊರಗಿನ ತನಕ ಕಡಿಯದ ದಾರ ಇರಬೇಕು. ಕಾಲನ್ನು ಕಪ್ಪೆ ಹಾಗೆ ಆಡಿಸಬೇಕು, ಇಲ್ಲವಾದರೆ ತಳದ ಹೂಳು ಎದ್ದು ಏನೂ ಕಾಣುವುದಿಲ್ಲ. ಆಗ ದಾರವೇ ಕಣ್ಣು. 2018ರಲ್ಲಿ ಥಾಯ್ಲೆಂಡಿನ ಗುಹೆಯಲ್ಲಿ ಸಿಕ್ಕಿಬಿದ್ದ 12 ಹುಡುಗರು, ಅವರ ಕೋಚ್ ಬದುಕಿ ಬಂದರು. ಆದರೆ ಒಳಗೆ ಸಿಲಿಂಡರ್ ಇಟ್ಟು ವಾಪಸ್ ಬರುತ್ತಿದ್ದ ಸಮನ್ ಕುನನ್ ತೀರಿಕೊಂಡರು. ಅವರು ನೌಕಾಪಡೆಯಲ್ಲಿ ಪಳಗಿದವರು. ಈಜು ಬಂದರೆ ಸಾಕು ಅನ್ನುವವರಿಗೆ ನಾನು ಇದನ್ನೇ ಹೇಳುತ್ತೇನೆ. ಊರ ಹಳೇ ಬಾವಿ, ಸುರಂಗಗಳಲ್ಲಂತೂ ಪ್ರಯೋಗ ಬೇಡವೇ ಬೇಡ.

ಎರಡನೇ ಡೈವ್‌ನಲ್ಲಿ ಒಂದು ಕಡೆ ಮೇಲೆ ಬಂದೆವು. ಸುತ್ತಲೂ ಕಲ್ಲು, ಛಾವಣಿಗೂ ನೀರಿಗೂ ನಡುವೆ ಗಾಳಿ. ಮಾಸ್ಕ್ ಸರಿಸಿ, ಉಸಿರಾಡುವ ರೆಗ್ಯುಲೇಟರ್ ಬಾಯಿಂದ ತೆಗೆದೆ. ಆ ವಾಸನೆ ಮೂಗಿಗೆ ಬಡಿಯಿತು. ಟಾರ್ಚ್ ಎತ್ತಿ ನೋಡಿದರೆ ಬಾವಲಿಗಳು! ನನಗೆ ನಗು ತಡೆಯಲಾಗಲಿಲ್ಲ. ಗೈಡ್ ಏನಾಯಿತೆಂದು ಕೇಳಿದ. ಇದು ನಮ್ಮೂರ ಗುಡಿಯ ವಾಸನೆ ಎಂದೆ. ಅವನು ನನ್ನ ಗೇಜ್ ಹಿಡಿದು ಇನ್ನೆಷ್ಟು ಗಾಳಿ ಇದೆ ಎಂದು ನೋಡಿದ.