ಕಾಂಗರೂ ಇಲಿಗಳನ್ನು ಹಿಡಿದು, ಎಣಿಸಿ, ಬಿಡುವುದರಿಂದ ಏನು ಗೊತ್ತಾಗುತ್ತದೆ?

ಮರುಭೂಮಿಯಲ್ಲಿ ಹಿಂಗಾಲ ಮೇಲೆ ಕುಪ್ಪಳಿಸುತ್ತಾ ಓಡಾಡುವ, ರಾತ್ರಿ ಮಾತ್ರ ಹೊರಬರುವ ಈ ಪುಟ್ಟ ಪ್ರಾಣಿಯ ಹಿಂದೆ ವಿಜ್ಞಾನಿಗಳು ವರ್ಷಗಟ್ಟಲೆ ಯಾಕೆ ಬೀಳುತ್ತಾರೆ, ಅವು ನೀರೇ ಕುಡಿಯಲ್ಲ ಅನ್ನುವುದು ನಿಜವೇ ಎಂದು ಕೇಳಿದ್ದೀರಿ. ಅಮೆರಿಕದ ಅರಿಜೋನಾದಲ್ಲಿ ಓದುವಾಗ ಇಂಥ ಕೆಲಸಕ್ಕೆ ನೆರವಾಗಲು ಹೋಗುತ್ತಿದ್ದೆ. ಹಾಗಾಗಿ ಬರೆಯುತ್ತಿದ್ದೇನೆ.

ನೀರಿನ ಮಾತು ನಿಜ. ಒಣ ಬೀಜ ತಿಂದು, ಅದು ದೇಹದಲ್ಲಿ ಕರಗುವಾಗ ಹುಟ್ಟುವ ನೀರಿನಲ್ಲೇ ಬದುಕುತ್ತವೆ. ಮೂತ್ರ ಬಹಳ ಗಟ್ಟಿ. ಹಗಲೆಲ್ಲ ಬಿಲದ ತಂಪಿನಲ್ಲಿರುತ್ತವೆ.

ಹಿಡಿಯುವುದು ಅಷ್ಟೇನೂ ಕಷ್ಟವಲ್ಲ. ಸಂಜೆ ಅಲ್ಯೂಮಿನಿಯಂ ಬೋನುಗಳನ್ನು ಸಾಲಾಗಿ ಇಟ್ಟು, ಒಳಗೆ ಒಂದಿಷ್ಟು ಸಿರಿಧಾನ್ಯ ಹಾಕುತ್ತೇವೆ. ಇಲಿ ಒಳಗಿನ ತಗಡು ತುಳಿದರೆ ಬಾಗಿಲು ಮುಚ್ಚಿಕೊಳ್ಳುತ್ತದೆ. ಬೆಳಗ್ಗೆ ಬಿಸಿಲೇರುವ ಮೊದಲೇ ಹೋಗಿ ತೆಗೆಯಲೇಬೇಕು, ತಡವಾದರೆ ಕಾದ ಪೆಟ್ಟಿಗೆಯಲ್ಲಿ ಪಾಪದ ಜೀವ ಸತ್ತೇಹೋಗಬಹುದು. ಯಾವ ಜಾತಿ, ತೂಕ ಎಷ್ಟು, ಗಂಡೋ ಹೆಣ್ಣೋ ಬರೆದುಕೊಳ್ಳುತ್ತೇವೆ. ಮತ್ತೆ ಸಿಕ್ಕಾಗ ಗುರುತು ಹಿಡಿಯಲು ಚರ್ಮದಡಿ ಅಕ್ಕಿಕಾಳಿನಷ್ಟು ಚಿಪ್ ಸೇರಿಸಿ, ಸಿಕ್ಕ ಜಾಗದಲ್ಲೇ ಬಿಡುತ್ತೇವೆ. ಅಮಾವಾಸ್ಯೆಯ ಆಸುಪಾಸಿನ ರಾತ್ರಿಗಳೇ ಇದಕ್ಕೆ ಒಳ್ಳೆಯವು. ಬೆಳದಿಂಗಳಿದ್ದರೆ ಗೂಬೆಗಳ ಭಯಕ್ಕೆ ಇವು ಬಯಲಿಗೆ ಬರುವುದು ಕಡಿಮೆ.

ಆದರೆ ಒಂದು ರಾತ್ರಿಯ ಲೆಕ್ಕದಿಂದ ಜಾಸ್ತಿ ಏನೂ ತಿಳಿಯುವುದಿಲ್ಲ. ಹತ್ತಾರು ವರ್ಷ ಬಿಡದೆ ಎಣಿಸಬೇಕು. ಅರಿಜೋನಾದ ಪೋರ್ಟಲ್ ಎಂಬ ಊರಿನ ಬಳಿ ಪರಿಸರ ವಿಜ್ಞಾನಿ ಜೇಮ್ಸ್ ಬ್ರೌನ್ ಮತ್ತು ಸಂಗಡಿಗರು 1977ರಲ್ಲಿ ಇಂಥದ್ದೇ ಕೆಲಸ ಶುರುಮಾಡಿದರು. ತಲಾ 50 ಮೀಟರ್ ಉದ್ದಗಲದ 24 ತುಂಡು ನೆಲಕ್ಕೆ ಬೇಲಿ ಹಾಕಿದರು. ಕೆಲವು ಬೇಲಿಗಳಲ್ಲಿ ಕಿಂಡಿ ಎಷ್ಟು ಸಣ್ಣದೆಂದರೆ, ಸಣ್ಣ ಇಲಿಗಳು ನುಸುಳುತ್ತವೆ, ಕಾಂಗರೂ ಇಲಿ ಮಾತ್ರ ನುಸುಳಲಾರದು. 12 ವರ್ಷವಾದ ಮೇಲೆ ನೋಡಿದರೆ, ಕಾಂಗರೂ ಇಲಿಗಳಿಲ್ಲದ ಕಡೆ ಎತ್ತರದ ಹುಲ್ಲು ಸುಮಾರು ಮೂರು ಪಟ್ಟು ಹೆಚ್ಚಿತ್ತು! ಕುರುಚಲು ಮರುಭೂಮಿ ಹುಲ್ಲುಗಾವಲಾಗುತ್ತಾ ಬಂದಿತ್ತು. ಹುಲ್ಲುಗಾವಲಿನ ಇಲಿಗಳೂ ಬಂದು ಸೇರಿಕೊಂಡಿದ್ದವು. ಕಾಂಗರೂ ಇಲಿಗಳು ದೊಡ್ಡ ಬೀಜಗಳನ್ನೇ ಆರಿಸಿ ತಿನ್ನುತ್ತವೆ, ಕೆನ್ನೆಯ ಚೀಲದಲ್ಲಿ ತುಂಬಿಕೊಂಡು ಹೋಗಿ ಹೂತಿಡುತ್ತವೆ, ಮಣ್ಣನ್ನು ಸದಾ ಕೆದಕುತ್ತಿರುತ್ತವೆ. ಅಂದರೆ ಆ ನೆಲ ಹೇಗಿರಬೇಕು ಎನ್ನುವುದರಲ್ಲಿ ಇವುಗಳ ಪಾಲು ದೊಡ್ಡದು. ಬೇಲಿ, ಕಿಂಡಿ, ತಾಳ್ಮೆ ಬಿಟ್ಟರೆ ಹೆಚ್ಚಿನ ಸಲಕರಣೆ ಇಲ್ಲದೆ ಇದನ್ನು ತೋರಿಸಿದರು ನೋಡಿ, ಅದು ನನಗೆ ತುಂಬಾ ಇಷ್ಟ.

ಅಲ್ಲಿನ ಎಣಿಕೆಯ ವಿವರಗಳು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಲೆಕ್ಕ, ಗ್ರಾಫ್ ಬಗ್ಗೆ ಆಸಕ್ತಿಯಿದ್ದರೆ ಖಂಡಿತ ತೆಗೆದು ನೋಡಿ. 1977ರಿಂದ ಜಾತಿವಾರು ಎಣಿಕೆ ಹೇಗೆ ಏರಿಳಿದಿದೆ ಎಂಬುದರಿಂದ ಶುರುಮಾಡಬಹುದು.